ತಲೆಸುತ್ತು ನಿಂತ ಮೇಲೂ ಮಾತುಕತೆ ಕಷ್ಟವೇ? ಒಳಕಿವಿಯ ತಪಾಸಣೆಯಿಂದ ವ್ಯಾಯಾಮದವರೆಗೆ

ಎಡಗಿವಿಯ ಸಮತೋಲನ ನರಕ್ಕೆ ಉರಿಯೂತ ಬಂದು, ಮೊದಲ ತಲೆಸುತ್ತಿನಿಂದ ಕೊನೆಯ ವ್ಯಾಯಾಮದ ಭೇಟಿಯವರೆಗಿನ ಓಡಾಟ ಈಗಷ್ಟೇ ಮುಗಿದಿದೆ. ವೈದ್ಯರು ಇದನ್ನು ವೆಸ್ಟಿಬುಲಾರ್ ನ್ಯೂರೈಟಿಸ್ ಎನ್ನುತ್ತಾರೆ. ಎಲ್ಲಿ ಹೋದರೂ ಕೇಳುವುದು ಎರಡೇ ಪ್ರಶ್ನೆ: ತಲೆ ಸುತ್ತುತ್ತದಾ, ಬಿದ್ದಿದ್ದೀರಾ? ನಾಲ್ಕು ಜನರ ನಡುವೆ ಕೂತು ಮಾತಾಡಲು ಆಗುತ್ತದಾ ಎಂದು ಯಾರೂ ಕೇಳುವುದಿಲ್ಲ. ತಿಂಗಳುಗಟ್ಟಲೆ ಉಳಿದು ಕಾಡುವುದು ಅದೇ. ಅದೂ ಇದೇ ಕಾಯಿಲೆಯ ಭಾಗ, ಅದಕ್ಕೂ ವ್ಯಾಯಾಮ ಇದೆ ಎಂದು ಗೊತ್ತಿಲ್ಲದೆ ಎಷ್ಟೋ ಜನ ಮೌನಕ್ಕೆ ಜಾರಿಬಿಡುತ್ತಾರೆ. ಹಾಗಾಗಬಾರದು ಎಂದೇ ಇಷ್ಟನ್ನು ಬರೆಯುತ್ತಿದ್ದೇನೆ.

ಮೊದಲ ದಿನ

ಶುರುವಾಗುವುದು ಏಕಾಏಕಿ. ಇಡೀ ಕೋಣೆ ಒಂದೇ ದಿಕ್ಕಿಗೆ ತಿರುಗುತ್ತದೆ, ವಾಂತಿ ನಿಲ್ಲುವುದಿಲ್ಲ, ಎದ್ದು ನಿಂತರೆ ಮೈ ಒಂದು ಪಕ್ಕಕ್ಕೆ ವಾಲುತ್ತದೆ. ತೀವ್ರ ಹಂತ ಒಂದರಿಂದ ಮೂರು ದಿನ ಇರುತ್ತದೆ. ಆ ಹೊತ್ತಿನಲ್ಲಿ ಬಾಯಿ ಬಿಟ್ಟು ವಿವರ ಹೇಳುವುದೇ ಕಷ್ಟ. ಜೊತೆಯಲ್ಲಿ ಬರುವವರ ಕೈಯಲ್ಲಿ ಒಂದು ಚೀಟಿ ಇರಲಿ: ಎಷ್ಟು ಗಂಟೆಗೆ ಶುರುವಾಯಿತು, ಬಿಪಿ ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ ನಡೆಯುತ್ತಿದೆ, ಕಿವಿ ಕೇಳಿಸುವುದು ಕಡಿಮೆಯಾಗಿದೆಯೇ, ಒಂದು ವಸ್ತು ಎರಡಾಗಿ ಕಾಣುತ್ತಿದೆಯೇ. ತುರ್ತು ಚಿಕಿತ್ಸಾ ಘಟಕದಲ್ಲಿ ಮೊದಲು ಕೇಳುವುದು ಇವನ್ನೇ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಒಳಕಿವಿಯ ತೊಂದರೆಯಿಂದ ಮಾತು ನಿಧಾನವಾಗಬಹುದು, ಪದ ಹುಡುಕುವಂತಾಗಬಹುದು, ಆದರೆ ನಾಲಿಗೆ ತೊದಲುವುದಿಲ್ಲ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ನುಂಗಲು ಕಷ್ಟವಾದರೆ, ಎರಡೆರಡಾಗಿ ಕಂಡರೆ ಅದು ಪಾರ್ಶ್ವವಾಯು ಎಂದೇ ಭಾವಿಸಿ 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ಸಿಗುವುದು ಮೊದಲ ನಾಲ್ಕೂವರೆ ಗಂಟೆ ಮಾತ್ರ. ಇನ್ನೊಂದು ತುರ್ತು: ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾದರೆ ನೆಗಡಿಯೆಂದು ಕಾಯಬೇಡಿ. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಮೆದುಳಿನ ತೊಂದರೆ ಅಲ್ಲ ಎಂದು ಖಚಿತಪಡಿಸಿಕೊಳ್ಳಲು ಎಂ.ಆರ್.ಐ. ಮಾಡಿಸಿದರು, ಸುಮಾರು ₹8,000 ಆಯಿತು. ವಾಂತಿ ಮತ್ತು ಸುತ್ತು ತಗ್ಗಿಸಲು ಸ್ಟೆಮೆಟಿಲ್ ತರಹದ ಮಾತ್ರೆ ಕೊಡುತ್ತಾರೆ. ಅದು ಮೊದಲ ಎರಡು ಮೂರು ದಿನಕ್ಕೆ ಸಾಕು. ವಾರಗಟ್ಟಲೆ ನುಂಗಿದರೆ ಮೆದುಳು ಹೊಸ ಸ್ಥಿತಿಗೆ ಹೊಂದಿಕೊಳ್ಳುವುದೇ ತಡವಾಗುತ್ತದೆ. ಚೀಟಿಯಲ್ಲಿ ಎಷ್ಟು ದಿನಕ್ಕೆ ಎಂದು ಬರೆದಿಲ್ಲದಿದ್ದರೆ ಬಿಡುಗಡೆಗೆ ಮುಂಚೆ ಕೇಳಿ ಬರೆಸಿಕೊಳ್ಳಿ.

ಸುತ್ತು ನಿಂತ ಮೇಲೆ ಶುರುವಾಗುವುದು

ವಾರ ಕಳೆಯುವಷ್ಟರಲ್ಲಿ ಕೋಣೆ ತಿರುಗುವುದು ನಿಲ್ಲುತ್ತದೆ. ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ. ಆದರೆ ಮಾತುಕತೆಗೆ ಕೂತಾಗ ಸುಸ್ತು, ಕಿರಿಕಿರಿ, ಎದುರಿನವರು ಹೇಳಿದ್ದು ಅರ್ಧಕ್ಕೇ ಜಾರಿಹೋಗುವುದು. ಕಾರಣಗಳು ಬೇರೆ ಬೇರೆ. ಅವನ್ನು ಬಿಡಿಸಿ ನೋಡಿದರೆ ಯಾವುದಕ್ಕೆ ಏನು ಮಾಡಬೇಕು ಎಂಬುದು ತಿಳಿಯುತ್ತದೆ.

ಮೊದಲನೆಯದು ಕಣ್ಣು. ತಲೆ ಅಲುಗಿದಾಗ ನೋಟ ಕದಲದಂತೆ ಕಣ್ಣುಗಳನ್ನು ಅಷ್ಟೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ಸರಿಸುವುದು ಒಳಕಿವಿಯ ಕೆಲಸ. ಪ್ರತಿ ಕಿವಿಯಲ್ಲೂ ಮೂರು ಅರ್ಧವೃತ್ತ ನಾಳಗಳಿವೆ. ಅಲ್ಲಿಂದ ಸಂಕೇತ ಹೊರಟು ಕಣ್ಣು ತಿರುಗಲು 10 ಮಿಲಿಸೆಕೆಂಡಿಗಿಂತ ಕಡಿಮೆ ಸಾಕು. ಒಂದು ಕಿವಿಯ ಸಂಕೇತ ನಿಂತರೆ ಆ ಕಡೆಗೆ ತಲೆ ತಿರುಗಿಸಿದ ಕ್ಷಣ ಎದುರಿನವರ ಮುಖ ಜಾರಿದಂತೆ ಮಸುಕಾಗುತ್ತದೆ. ಗದ್ದಲದಲ್ಲಿ ಕೇಳುವಾಗ ನಾವೆಲ್ಲರೂ ಗೊತ್ತಿಲ್ಲದೆಯೇ ತುಟಿ ಓದುತ್ತೇವೆ, ಮುಖಭಾವ ನೋಡುತ್ತೇವೆ. ಅದು ಕೈತಪ್ಪಿದರೆ ಕಿವಿ ಸರಿಯಿದ್ದೂ ಮಾತು ತಪ್ಪಿಹೋಗುತ್ತದೆ.

ಎರಡನೆಯದು ತಲೆಯ ಚಲನೆ. ನಮ್ಮ ಮಾತುಕತೆಯಲ್ಲಿ ತಲೆಗೆ ಬಿಡುವೇ ಇಲ್ಲ. ಹೌದೆನ್ನಲು ತಲೆ ಆಡಿಸಬೇಕು, ಹಿರಿಯರು ಬಂದರೆ ಬಗ್ಗಿ ನಮಸ್ಕಾರ ಮಾಡಬೇಕು, ಪಂಕ್ತಿಯಲ್ಲಿ ಕೂತರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಬೇಕು. ಪ್ರತಿ ಚಲನೆಯೂ ಒಂದು ಸಣ್ಣ ತೂರಾಟ. ಮೆದುಳು ಬೇಗ ಬುದ್ಧಿ ಕಲಿಯುತ್ತದೆ: ಕತ್ತು ಬಿಗಿಹಿಡಿದು ಅಲುಗದೆ ಕೂರುತ್ತದೆ. ನೋಡುವವರಿಗೆ ಇದು ಸೊಕ್ಕು, ಸಿಟ್ಟು ಅಥವಾ ಅಸಡ್ಡೆ. ಹಿಂದಿನಿಂದ ಯಾರಾದರೂ ಕೂಗಿದಾಗ ಥಟ್ಟನೆ ತಿರುಗಿ ತೂರಾಡಿದರೆ ಕುಡಿದಿದ್ದಾರೆ ಎಂದು ಭಾವಿಸುವವರೂ ಉಂಟು. ಈ ಎರಡು ತಪ್ಪು ತಿಳಿವಳಿಕೆಗಳಿಂದಾಗುವ ನೋವು ತಲೆಸುತ್ತಿಗಿಂತ ಹೆಚ್ಚು.

ಮೂರನೆಯದು ಗಮನ. ಆರೋಗ್ಯವಂತರಲ್ಲಿ ಸಮತೋಲನ ತನ್ನಷ್ಟಕ್ಕೆ ನಡೆಯುತ್ತದೆ. ಸಂಕೇತ ಕೈಕೊಟ್ಟಾಗ ಅದಕ್ಕೂ ಎಚ್ಚರದ ಗಮನ ಕೊಡಬೇಕಾಗುತ್ತದೆ. ಮಾತು ಕೇಳಿ, ನೆನಪಿಟ್ಟು, ಉತ್ತರ ಜೋಡಿಸಲು ಉಳಿಯುವುದು ಸ್ವಲ್ಪವೇ. ಹಾಗಾಗಿಯೇ ನಡೆಯುತ್ತಾ ಮಾತಾಡುವಾಗ ಕಾಲು ತಾನಾಗಿ ನಿಲ್ಲುತ್ತದೆ. ಗೊತ್ತಿರುವ ಹೆಸರೇ ಬಾಯಿಗೆ ಬರುವುದಿಲ್ಲ. ಫೋನ್ ನಂಬರನ್ನು ಒಂದೇ ಸಲ ಕೇಳಿ ಬರೆದುಕೊಳ್ಳಲಾಗುವುದಿಲ್ಲ.

ಇವೆಲ್ಲ ಒಟ್ಟಿಗೆ ಸೇರುವ ಜಾಗ ಮದುವೆ ಛತ್ರ. ಹೊಳೆಯುವ ಗ್ರಾನೈಟ್ ನೆಲ, ಎಲ್ಲ ದಿಕ್ಕಿನಿಂದ ಓಡಾಡುವ ಜನ, ಜರಿ ಸೀರೆಗಳ ಮಿನುಗು, ವಾಲಗ, ಫ್ಯಾನಿನ ನೆರಳು. ಕಿವಿಯ ಸಂಕೇತ ದುರ್ಬಲವಾದಾಗ ಮೆದುಳು ಕಣ್ಣನ್ನೇ ಹೆಚ್ಚು ನೆಚ್ಚಿಕೊಳ್ಳುತ್ತದೆ. ಅಲ್ಲಿ ಕಣ್ಣಿಗೆ ಕಾಣುವುದೆಲ್ಲ ಚಲಿಸುತ್ತಿರುತ್ತದೆ. ಮೊಬೈಲಿನಲ್ಲಿ ಸಂದೇಶಗಳನ್ನು ಬೆರಳಿನಿಂದ ಸರಸರನೆ ಸರಿಸುವಾಗ ಹೊಟ್ಟೆ ತೊಳಸುವುದೂ ಇದೇ ಕಾರಣಕ್ಕೆ. ಬೆರಳಿನಿಂದ ಸ್ವಲ್ಪ ಸರಿಸಿ, ನಿಲ್ಲಿಸಿ, ಆಮೇಲೆ ಓದಿ. ವಿಡಿಯೋ ಸಭೆಯಲ್ಲಿ ಎಲ್ಲರ ಮುಖಗಳ ಬದಲು ಮಾತಾಡುವವರೊಬ್ಬರ ಮುಖ ಮಾತ್ರ ಕಾಣುವಂತೆ ಇಟ್ಟುಕೊಳ್ಳಿ.

ಇ.ಎನ್.ಟಿ. ಭೇಟಿ: ಎಲ್ಲ ಸರಿಯಿದೆ ಎನ್ನುವ ಆಡಿಯೋಗ್ರಾಂ

ಸರದಿಗೆ ಕಾಯುವ ಜಾಗವೇ ದೊಡ್ಡ ಪರೀಕ್ಷೆ. ಟಿ.ವಿ. ಓಡುತ್ತಿರುತ್ತದೆ, ಹೆಸರು ಕೂಗುವುದು ಹಿಂದಿನಿಂದ. ಗೋಡೆಗೆ ಬೆನ್ನು ಕೊಟ್ಟು, ಕೂಗುವ ಬಾಗಿಲು ನೇರ ಎದುರಿಗೆ ಕಾಣುವ ಕುರ್ಚಿ ಹಿಡಿಯಿರಿ.

ಮೊದಲು ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ತಿರುಗಿಸಿ ಸರಕ್ಕನೆ ಹಿಂದಕ್ಕೆ ಮಲಗಿಸುತ್ತಾರೆ. ಇದು ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ. ಒಳಕಿವಿಯ ಕ್ಯಾಲ್ಸಿಯಂ ಹರಳು ಜಾರಿ ನಾಳಕ್ಕೆ ಸೇರಿದ್ದರೆ ಇದರಲ್ಲೇ ಗೊತ್ತಾಗುತ್ತದೆ. ಅಂಥವರಿಗೆ ಎಪ್ಲಿ ವಿಧಾನದಲ್ಲಿ ತಲೆ ಹೊರಳಿಸಿ ಒಂದೆರಡು ಭೇಟಿಯಲ್ಲೇ ಗುಣ ಕಾಣುವುದು ಸಾಮಾನ್ಯ, ಮುಂದಿನ ಓಡಾಟ ಬೇಕಿಲ್ಲ.

ಆಮೇಲೆ ಕೇಳುವ ಶಕ್ತಿ ಅಳೆಯುವ ಆಡಿಯೋಗ್ರಾಂ ಮತ್ತು ಕಿವಿತಮಟೆಯ ಚಲನೆ ನೋಡುವ ಟಿಂಪನೋಮೆಟ್ರಿ, ಎರಡೂ ಸೇರಿ ಸುಮಾರು ₹1,000 ಆಯಿತು. ನ್ಯೂರೈಟಿಸ್‌ನಲ್ಲಿ ಕೇಳುವ ನರಕ್ಕೆ ಏನೂ ಆಗಿರುವುದಿಲ್ಲ. ಆಡಿಯೋಗ್ರಾಂನ ಗೆರೆ ನೆಟ್ಟಗಿರುತ್ತದೆ. ಇಲ್ಲೇ ಬಹಳ ಜನ ಸೋತು ಮನೆಗೆ ಹೋಗುವುದು: ಕಿವಿ ಚೆನ್ನಾಗಿದೆ, ಟೆನ್ಷನ್ ಮಾಡಿಕೊಳ್ಳಬೇಡಿ ಎಂಬ ಮಾತು ಕೇಳಿ. ಆಡಿಯೋಗ್ರಾಂ ಅಳೆಯುವುದು ಶಬ್ದ ನುಸುಳದ ಪೆಟ್ಟಿಗೆಯಂಥ ಕೋಣೆಯಲ್ಲಿ, ಅಲುಗದೆ ಕೂತವರಿಗೆ, ಒಂದೊಂದೇ ಪೀಪೀ ಸದ್ದು ಕೇಳಿಸುತ್ತದೆಯೇ ಎಂಬುದನ್ನು. ಗದ್ದಲದಲ್ಲಿ, ತಲೆ ತಿರುಗಿಸುತ್ತಾ, ವಾಕ್ಯ ಹಿಡಿಯುವ ಶಕ್ತಿಯನ್ನು ಅದು ಅಳೆಯುವುದಿಲ್ಲ. ಗದ್ದಲದ ನಡುವೆ ಮಾತು ಗುರುತಿಸುವ ಬೇರೆ ಪರೀಕ್ಷೆ ಇದೆ, ಕನ್ನಡ ವಾಕ್ಯಗಳಲ್ಲೇ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕೇಳಿ ಮಾಡಿಸಿಕೊಳ್ಳಬಹುದು.

ಇದರ ಜೊತೆ ತಲೆಸುತ್ತಿನ ತೊಂದರೆ ಅಳೆಯುವ ಪ್ರಶ್ನಾವಳಿ ಕೊಡುತ್ತಾರೆ. 1990ರಲ್ಲಿ ಪ್ರಕಟವಾದದ್ದು, 25 ಪ್ರಶ್ನೆ, ಹೌದು ಎಂದರೆ 4, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ 0, ಒಟ್ಟು 100. ಓದಲು ಕಷ್ಟವೇ, ಗಮನ ನಿಲ್ಲಿಸಲು ಕಷ್ಟವೇ, ಕುಡಿದಿದ್ದೀರಿ ಎಂದು ಜನ ಭಾವಿಸುವ ಅಂಜಿಕೆ ಇದೆಯೇ ಎಂಬುದೆಲ್ಲ ಅದರಲ್ಲಿದೆ. ಮಾತುಕತೆಯ ಬಗ್ಗೆ ನೇರ ಪ್ರಶ್ನೆ ಒಂದೂ ಇಲ್ಲ. ಆದ್ದರಿಂದ ಹಾಳೆಯ ಕೆಳಗೆ ನೀವೇ ಬರೆಯಿರಿ: ಎಷ್ಟು ಜನ ಸೇರಿದರೆ ಮಾತು ತಪ್ಪುತ್ತದೆ, ನಡೆಯುತ್ತಾ ಮಾತಾಡಬಲ್ಲೆನೇ, ತಲೆ ಆಡಿಸಿದರೆ ಎದುರಿನ ಮುಖ ಮಸುಕಾಗುತ್ತದೆಯೇ, ಎಷ್ಟು ಹೊತ್ತಿನ ಮಾತಿಗೆ ಸುಸ್ತಾಗುತ್ತದೆ. ಫಿಸಿಯೋ ಗುರಿ ಹಾಕಿಕೊಳ್ಳುವುದು ಈ ನಾಲ್ಕು ಸಾಲಿನ ಮೇಲೆ.

ಒಳಕಿವಿಯ ಇನ್ನೊಂದು ತೊಂದರೆಯಾದ ಮೆನಿಯೇರ್ ಕಾಯಿಲೆ ಇದ್ದವರ ದಾರಿ ಸ್ವಲ್ಪ ಬೇರೆ. ಅವರಿಗೆ ಕೇಳುವಿಕೆಯೂ ಏರಿಳಿಯುತ್ತದೆ, ಸಾಮಾನ್ಯವಾಗಿ ಮೊದಲು ಹೋಗುವುದು ತಗ್ಗಿದ ದನಿಯ ಕಡೆ, 250ರಿಂದ 1,000 ಹರ್ಟ್ಸ್ ಆಸುಪಾಸು. ಮೆಲ್ಲಗೆ ಆಡಿದ್ದು ಕೇಳಿಸದು, ಜೋರಾಗಿ ಆಡಿದರೆ ಕಿವಿ ಸಿಡಿಯುತ್ತದೆ. ಒಂದೇ ಆಡಿಯೋಗ್ರಾಂ ಸಾಲದು. ಕಿವಿ ತುಂಬಿದಂತಿರುವ ಕೆಟ್ಟ ದಿನ ಒಂದು, ಒಳ್ಳೆಯ ದಿನ ಒಂದು ಮಾಡಿಸಿ ಎರಡನ್ನೂ ಕಡತದಲ್ಲಿಡಿ.

ವಿ.ಎನ್.ಜಿ. ದಿನ

ವಿ.ಎನ್.ಜಿ. ಎಂದರೆ ವಿಡಿಯೋನಿಸ್ಟಾಗ್ಮೋಗ್ರಫಿ. ಕಣ್ಣಿನ ಅದುರನ್ನು ಕ್ಯಾಮೆರಾದಲ್ಲಿ ಹಿಡಿದು, ಎಡ ಬಲ ಯಾವ ಕಿವಿ, ಎಷ್ಟು ನಷ್ಟ ಎಂದು ಹೇಳುವುದು ಈ ಪರೀಕ್ಷೆ. ಸುಮಾರು ₹3,500 ಆಯಿತು, ಊರು ಮತ್ತು ಆಸ್ಪತ್ರೆ ನೋಡಿ ಹೆಚ್ಚು ಕಡಿಮೆ ಇರುತ್ತದೆ. ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ತಲೆಸುತ್ತು ತಗ್ಗಿಸುವ ಮಾತ್ರೆಯನ್ನು 48 ಗಂಟೆ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಫಲಿತಾಂಶ ಮಂಕಾಗುತ್ತದೆ. ಬಿಪಿ, ಸಕ್ಕರೆ, ಫಿಟ್ಸ್ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬೇಡಿ. ಮೂರು ನಾಲ್ಕು ಗಂಟೆ ಮುಂಚೆ ಹಗುರ ತಿಂಡಿ, ಕಾಫಿ ಬೇಡ. ಕಾಡಿಗೆ ಹಚ್ಚಬಾರದು. ಕಣ್ಣಿಗೆ ಕಟ್ಟುವ ಕನ್ನಡಕದಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಇದ್ದು ಅದು ಕಪ್ಪು ಪಾಪೆಯನ್ನು ಹಿಂಬಾಲಿಸುತ್ತದೆ. ಕಾಡಿಗೆಯ ಕಪ್ಪನ್ನೂ ಪಾಪೆ ಎಂದುಕೊಂಡರೆ ಗೆರೆ ಹಾಳು. ಹಿಂದಿನ ರಾತ್ರಿಯೇ ಎಣ್ಣೆ ಹಚ್ಚಿ ಒರೆಸಿ, ಬೆಳಿಗ್ಗೆ ಮತ್ತೆ ತೊಳೆಯಿರಿ. ಕಿವಿಯಲ್ಲಿ ಗುಗ್ಗೆ ಇದ್ದರೆ ಮೊದಲೇ ತೆಗೆಸಿಕೊಳ್ಳಿ, ಇಲ್ಲವಾದರೆ ಅವತ್ತು ವಾಪಸ್ ಕಳಿಸುತ್ತಾರೆ.

ಎಲ್ಲರೂ ಹೆದರುವ ಭಾಗ ಕ್ಯಾಲೋರಿಕ್. ಒಂದೊಂದು ಕಿವಿಗೂ 30 ಡಿಗ್ರಿ ಸೆಲ್ಸಿಯಸ್ ನೀರು ಒಮ್ಮೆ, 44 ಡಿಗ್ರಿ ನೀರು ಒಮ್ಮೆ, ಅರ್ಧ ನಿಮಿಷ ಬಿಡುತ್ತಾರೆ. ಕೆಲವೆಡೆ ನೀರಿನ ಬದಲು ಗಾಳಿ. ಕಿವಿಯೊಳಗಿನ ದ್ರವ ಬಿಸಿಗೆ, ತಂಪಿಗೆ ಹರಿದಾಡಿ ತಲೆ ತಿರುಗಿದಂಥ ಸಂಕೇತ ಹುಟ್ಟುತ್ತದೆ, ಅದಕ್ಕೆ ಕಣ್ಣು ಅದುರುತ್ತದೆ. ಒಳಕಿವಿಯ ಮೇಲಿನ ಕೆಲಸಕ್ಕೆ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿ ತೋರಿಸಿಕೊಟ್ಟ ತತ್ವ ಇದು. ಒಳ್ಳೆಯ ಕಿವಿಗೆ ನೀರು ಬಿದ್ದಾಗ ಒಂದೆರಡು ನಿಮಿಷ ಜೋರಾಗಿ ಸುತ್ತುತ್ತದೆ. ಕೆಟ್ಟ ಕಿವಿಗೆ ಬಿದ್ದಾಗ ಹೆಚ್ಚೇನೂ ಆಗುವುದಿಲ್ಲ. ಎರಡು ಕಿವಿಗಳ ನಡುವಿನ ವ್ಯತ್ಯಾಸ ಶೇ. 25ಕ್ಕಿಂತ ಮೇಲಿದ್ದರೆ ಒಂದು ಪಕ್ಕ ದುರ್ಬಲ ಎಂದು ವರದಿ ಬರೆಯುತ್ತಾರೆ. ಅಂಚಿನ ಅಂಕಿ ಲ್ಯಾಬಿನಿಂದ ಲ್ಯಾಬಿಗೆ ತುಸು ಬದಲಾಗುತ್ತದೆ.

ಸುತ್ತು ಏರುವ ಹೊತ್ತಿಗೆ ಸರಿಯಾಗಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಕೇಳುತ್ತಾರೆ: "ಅ ಅಕ್ಷರದಿಂದ ಊರುಗಳ ಹೆಸರು ಹೇಳ್ತಾ ಹೋಗಿ, ನಿಲ್ಲಿಸಬೇಡಿ." ಅಥಣಿ, ಅರಸೀಕೆರೆ, ಅಂಕೋಲಾ. ಅಲ್ಲಿಗೆ ಬಾಯಿ ನಿಲ್ಲುತ್ತದೆ. ಅಫಜಲಪುರ, ಆಮೇಲೆ ಇನ್ನೊಂದು ಸಲ ಅರಸೀಕೆರೆ. "ಹೇಳಿ ಹೇಳಿ, ಇನ್ನೂ ಇವೆ." ಸುಮ್ಮನಿದ್ದರೆ ಮೆದುಳು ಕಣ್ಣಿನ ಅದುರನ್ನು ಅದುಮಿಬಿಡುತ್ತದೆ, ಅದಕ್ಕೇ ಮಾತಾಡಿಸುವುದು. ತಂತ್ರದ ಉದ್ದೇಶ ಅಷ್ಟೇ ಆದರೂ, ಸುತ್ತಿನ ನಡುವೆ ಮಾತು ಹೇಗೆ ಬತ್ತುತ್ತದೆ ಎಂಬುದು ಜೊತೆಯಲ್ಲಿ ಕೂತ ಮನೆಯವರಿಗೆ ಆ ನಿಮಿಷದಲ್ಲಿ ಅರ್ಥವಾಗುತ್ತದೆ. ಒಳಗೆ ಬಿಡುವುದಾದರೆ ಅವರನ್ನು ಕರೆದುಕೊಂಡೇ ಹೋಗಿ. ವಾಪಸಾಗುವಾಗ ಸ್ಕೂಟರ್ ಬೇಡ, ಆಟೋ ಹಿಡಿಯಿರಿ.

ಸೌಲಭ್ಯ ಇರುವಲ್ಲಿ ತಲೆಯನ್ನು ಚಿಮ್ಮಿದಂತೆ ತಿರುಗಿಸಿ ನೋಡುವ ವಿಡಿಯೋ ಪರೀಕ್ಷೆಯೂ ಇದೆ. ಯಂತ್ರವೇ ಬೇಡದ ಇನ್ನೊಂದು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಕಣ್ಣಿನ ಡಾಕ್ಟರ ಬಳಿ ಇರುವಂಥ ಅಕ್ಷರ ಪಟ್ಟಿಯನ್ನು ತಲೆ ನಿಲ್ಲಿಸಿ ಓದಿಸುತ್ತಾರೆ, ಆಮೇಲೆ ಸೆಕೆಂಡಿಗೆ ಎರಡು ಸಲ ತಲೆ ಆಡಿಸುತ್ತಾ ಓದಿಸುತ್ತಾರೆ. ಎರಡು ಸಾಲಿಗಿಂತ ಹೆಚ್ಚು ಜಾರಿದರೆ ನೋಟ ನಿಲ್ಲುತ್ತಿಲ್ಲ ಎಂದರ್ಥ. ಎದುರಿನವರ ಮುಖ ಯಾಕೆ ಮಸುಕು ಎಂಬುದಕ್ಕೆ ಕಾಗದದ ಮೇಲಿನ ಪುರಾವೆ ಇದು.

ಕಾಗದಪತ್ರ

ಹೊರರೋಗಿಯಾಗಿ ಮಾಡಿಸಿದ ಪರೀಕ್ಷೆಗಳಿಗೆ ಸಾಮಾನ್ಯ ಆರೋಗ್ಯ ವಿಮೆ ಹಣ ಕೊಡುವುದು ಅಪರೂಪ. ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ದಾಖಲಾತಿಗೆ ಮುಂಚಿನ ಮತ್ತು ನಂತರದ ಬಿಲ್ಲುಗಳಿಗೆ ಎಷ್ಟು ದಿನ ಅವಕಾಶವಿದೆ ಎಂದು ಪಾಲಿಸಿ ನೋಡಿ, ಎಲ್ಲ ರಸೀದಿ ಇಟ್ಟುಕೊಳ್ಳಿ.

ಕಚೇರಿಗೆ ಕೊಡುವ ಪತ್ರದಲ್ಲಿ ತಲೆಸುತ್ತು ಎಂದಷ್ಟೇ ಬರೆಸಿದರೆ ರಜೆ ಸಿಗುತ್ತದೆ, ಸಹಾಯ ಸಿಗುವುದಿಲ್ಲ. ಕೆಲಸಕ್ಕೆ ಮರಳಿದ ಮೇಲೆ ಬೇಕಾಗುವುದನ್ನು ಬರೆಸಿ: ಸಭೆಯಲ್ಲಿ ಮೇಜಿನ ತುದಿಯ ಕುರ್ಚಿ, ಮುಖ್ಯ ಸೂಚನೆಗಳು ಲಿಖಿತವಾಗಿ, ಗಂಟೆಗೊಮ್ಮೆ ಐದು ನಿಮಿಷ ಬಿಡುವು, ನಡೆಯುತ್ತಾ ಫೋನ್ ಎತ್ತಬೇಕಾದ ಕೆಲಸದಿಂದ ಕೆಲ ಕಾಲ ವಿನಾಯಿತಿ.

ಅಂಗವಿಕಲರ ಗುರುತಿನ ಚೀಟಿ ಸಿಗುತ್ತದಾ ಎಂದು ಬಹಳ ಜನ ಕೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸಮತೋಲನದ ತೊಂದರೆ ಪ್ರತ್ಯೇಕವಾಗಿ ಇಲ್ಲ. ಶ್ರವಣ ದೋಷದ ಅಡಿಯಲ್ಲಿ ಎಣಿಸಲು ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟ ಇರಬೇಕು. ಒಂದೇ ಕಿವಿಯ ಕಾಯಿಲೆಯವರು ಜಿಲ್ಲಾಸ್ಪತ್ರೆಗೆ ಅದಕ್ಕಾಗಿ ಅಲೆಯುವ ಮುನ್ನ ಆಡಿಯೋಗ್ರಾಂ ನೋಡಿಕೊಳ್ಳಿ. ಇಷ್ಟು ಬಾಧಿಸುವ ತೊಂದರೆಗೆ ಪಟ್ಟಿಯಲ್ಲಿ ಜಾಗವಿಲ್ಲದಿರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವ್ಯಾಯಾಮ

ಸತ್ತ ಸಂಕೇತವನ್ನು ಮಾತ್ರೆ ತಂದುಕೊಡುವುದಿಲ್ಲ. ಉಳಿದದ್ದರಿಂದಲೇ ಕೆಲಸ ನಡೆಸಲು ಮೆದುಳಿಗೆ ಕಲಿಸಬೇಕು. ವೆಸ್ಟಿಬುಲಾರ್ ತರಬೇತಿ ಪಡೆದ ಫಿಸಿಯೋ ಅಥವಾ ಆಡಿಯಾಲಜಿಸ್ಟ್ ಬೇಕು. ಬರೀ ಕತ್ತಿನ ವ್ಯಾಯಾಮ ಹೇಳಿ ಕಳಿಸಿದರೆ ಸಾಲದು.

ಮೂಲ ವ್ಯಾಯಾಮ ಒಂದೇ. ರಟ್ಟಿನ ಮೇಲೆ ಪತ್ರಿಕೆಯ ಉಪಶೀರ್ಷಿಕೆಯಷ್ಟು ದಪ್ಪಕ್ಕೆ ಒಂದು ಅಕ್ಷರ ಬರೆದು, ಕಣ್ಣಿನ ಮಟ್ಟಕ್ಕೆ, ತೋಳಳತೆಯಲ್ಲಿ ಗೋಡೆಗೆ ಅಂಟಿಸಿ. ನೋಟ ಅಕ್ಷರದ ಮೇಲಿಟ್ಟು ತಲೆಯನ್ನು ಎಡ ಬಲಕ್ಕೆ ಸುಮಾರು 20 ಡಿಗ್ರಿ ಆಡಿಸಿ, ಒಂದು ನಿಮಿಷ. ಬಿಡುವು. ಆಮೇಲೆ ಮೇಲೆ ಕೆಳಗೆ ಒಂದು ನಿಮಿಷ. ದಿನಕ್ಕೆ ಕನಿಷ್ಠ ಮೂರು ಸಲ ಕೂತು, ಪ್ರತಿ ಸಲ ಇವನ್ನೇ ಮತ್ತೆ ಮಾಡಿ, ದಿನಕ್ಕೆ ಒಟ್ಟು 12 ನಿಮಿಷವಾದರೂ ಆಗಬೇಕು. ಕಾಯಿಲೆ ಹಳೆಯದಾಗಿದ್ದರೆ 20 ನಿಮಿಷ. ವೇಗ ಎಷ್ಟು? ಅಕ್ಷರ ಇನ್ನೇನು ಮಸುಕಾಗಬೇಕು ಎನ್ನುವಷ್ಟು. ತೀರಾ ನಿಧಾನ ಮಾಡಿದರೆ ಫಲವಿಲ್ಲ, ಯಾಕೆಂದರೆ ನೋಟ ತುಸು ಜಾರಿದಾಗ ಹುಟ್ಟುವ ತಪ್ಪಿನ ಸಂಕೇತವೇ ಮೆದುಳಿಗೆ ಪಾಠ. ಸ್ವಲ್ಪ ಸುತ್ತು ಬಂದೇ ಬರುತ್ತದೆ. ಅದು 15-20 ನಿಮಿಷದಲ್ಲಿ ಇಳಿಯಬೇಕು, ಇಳಿಯದಿದ್ದರೆ ವೇಗ ತಗ್ಗಿಸಿ. ದೂರ ಮತ್ತು ಹತ್ತಿರ ಎರಡೂ ಒಂದೇ ಗಾಜಿನಲ್ಲಿರುವ ಪ್ರೊಗ್ರೆಸಿವ್ ಕನ್ನಡಕ ಇದಕ್ಕೆ ಆಗದು, ಒಂದೇ ನಂಬರಿನ ಸಾದಾ ಕನ್ನಡಕ ಇಟ್ಟುಕೊಳ್ಳಿ. ಕತ್ತಿನ ಮೂಳೆ ಸವೆದ ತೊಂದರೆ (ಸ್ಪಾಂಡಿಲೋಸಿಸ್) ಇದ್ದರೆ ಶುರುವಿಗೆ ಮುಂಚೆಯೇ ಹೇಳಿ.

ಕೂತು ಮಾಡುವುದು ಸಲೀಸಾದ ಮೇಲೆ ನಿಂತು, ಆಮೇಲೆ ಪಾದ ಜೋಡಿಸಿ ನಿಂತು, ಆಮೇಲೆ ನಡೆಯುತ್ತಾ. ಬಹಳ ಕಡೆ ಇಲ್ಲಿಗೇ ಮುಗಿಸುತ್ತಾರೆ. ಮಾತುಕತೆಗೆ ಬೇಕಾದದ್ದು ಇದರ ಮುಂದಿನ ಹಂತಗಳು, ಕೇಳಿ ಮಾಡಿಸಿಕೊಳ್ಳಿ. ಕಾರಿಡಾರಿನಲ್ಲಿ ನಡೆಯುತ್ತಾ ಮೂರು ಹೆಜ್ಜೆಗೊಮ್ಮೆ ತಲೆ ತಿರುಗಿಸಿ, ಜೊತೆಗೆ ತರಕಾರಿ ಹೆಸರು ಹೇಳುವುದು. ಅದು ಬಂದ ಮೇಲೆ 100ರಿಂದ ಮೂರು ಮೂರು ಕಳೆಯುವುದು. ಆಮೇಲೆ ಇಬ್ಬರನ್ನು ನಿಮ್ಮ ಎಡಕ್ಕೂ ಬಲಕ್ಕೂ 45 ಡಿಗ್ರಿಯಲ್ಲಿ ಕೂರಿಸಿ, ಅವರು ಸರದಿಯಂತೆ ಮಾತಾಡುವಾಗ ಪ್ರತಿ ಸಲ ಮಾತಾಡುವವರ ಮುಖಕ್ಕೆ ತಿರುಗಿ ಉತ್ತರ ಕೊಡುವುದು. ಶುರುವಿಗೆ ಎರಡು ನಿಮಿಷ, ಮೌನ ಕೋಣೆಯಲ್ಲಿ. ಮುಂದೆ ರೇಡಿಯೋ ಹಾಕಿ, ನಿಂತುಕೊಂಡು. ಕೊನೆಗೆ ಸಂತೆ, ಜನ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ.

ಮನೆಯವರಿಗೆ ಹೇಳಬೇಕಾದದ್ದು

ಹಿಂದಿನಿಂದ ಕೂಗಬೇಡಿ, ಎದುರು ಬಂದು ಮಾತಾಡಿಸಿ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು. ಮೆಟ್ಟಿಲು ಹತ್ತುವಾಗ, ರಸ್ತೆ ದಾಟುವಾಗ ಪ್ರಶ್ನೆ ಕೇಳಬೇಡಿ. ಟಿ.ವಿ. ಆರಿಸಿ. ಕಾಯಿಲೆಯವರು ತಲೆ ಆಡಿಸುವ ಬದಲು ಬಾಯಲ್ಲೇ ಹೂಂ ಎನ್ನಲಿ, ಬಗ್ಗದೆ ನಿಂತಲ್ಲೇ ಕೈ ಮುಗಿಯಲಿ. ಆರಂಭದ ವಾರಗಳಿಗೆ ಮಾತ್ರ ಇದು. ಚಲನೆಯನ್ನೇ ಬಿಟ್ಟು ಕೂತರೆ ಹೊಂದಾಣಿಕೆ ನಿಂತುಹೋಗಿ, ಭಯ ಮತ್ತು ತೇಲಾಟ ತಿಂಗಳುಗಟ್ಟಲೆ ಉಳಿಯುವ ಇನ್ನೊಂದು ಸ್ಥಿತಿಗೆ ದಾರಿಯಾಗುತ್ತದೆ. ಅದಕ್ಕೆ ಆಪ್ತಸಲಹೆಯೂ ಬೇಕಾಗಬಹುದು, ಕೇಳಲು ಸಂಕೋಚ ಬೇಡ.

ಕೊನೆಯ ಭೇಟಿಯಲ್ಲಿ ಅದೇ 25 ಪ್ರಶ್ನೆಗಳನ್ನು ಮತ್ತೆ ತುಂಬಿಸುತ್ತಾರೆ. ಅಂಕ 18 ಅಥವಾ ಹೆಚ್ಚು ಇಳಿದಿದ್ದರೆ ನಿಜವಾದ ಸುಧಾರಣೆ ಎಂದು ಲೆಕ್ಕ. ಹಾಳೆಯ ಕೆಳಗೆ ನೀವು ಬರೆದಿದ್ದ ನಾಲ್ಕು ಸಾಲಿಗೂ ಹೊಸ ಉತ್ತರ ಬರೆಯಿರಿ. ಕ್ಯಾಲೋರಿಕ್ ಅಂಕಿ ಹಾಗೆಯೇ ಉಳಿದಿದ್ದರೆ ಗಾಬರಿ ಬೇಡ, ನರ ಚೇತರಿಸದಿದ್ದರೂ ಹೊಂದಾಣಿಕೆ ಆಗಿರುತ್ತದೆ. ಜ್ವರ, ನಿದ್ದೆಗೇಡು, ದೂರದ ಪ್ರಯಾಣ ಆದಾಗ ಹಳೆಯ ತೊಂದರೆ ಕೆಲ ದಿನ ಇಣುಕುತ್ತದೆ. ಗೋಡೆಯ ಮೇಲಿನ ಅಕ್ಷರವನ್ನು ಕಿತ್ತುಹಾಕದೆ ಅಲ್ಲೇ ಬಿಟ್ಟಿರಿ, ಅಂಥ ದಿನಗಳಲ್ಲಿ ಮೊದಲ ಹಂತದಿಂದ ಮತ್ತೆ ಶುರುಮಾಡಿದರೆ ಬೇಗ ಹಿಡಿತಕ್ಕೆ ಬರುತ್ತದೆ. ವಾರ ಕಳೆದರೂ ಇಳಿಯದಿದ್ದರೆ, ಅಥವಾ ಕಿವಿ ಕೇಳಿಸುವುದು ತಗ್ಗಿದರೆ, ಹಳೆಯ ಕಡತ ಹಿಡಿದು ಇ.ಎನ್.ಟಿ.ಗೆ ಹೋಗಿ.